ಗುಜರಿ ಸೈಕಲ್ ರಿಪೇರಿ: ಫ್ರೇಮ್ ಮೊದಲು, ಪೇಂಟ್ ಕೊನೆಗೆ

ಗುಜರಿ ಅಂಗಡಿಯಿಂದಲೋ ಕಸದ ಜಾಗದಿಂದಲೋ ಹಳೇ ಸೈಕಲ್ ತಂದು ರಿಪೇರಿಗೆ ಇಳಿದವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುತ್ತಾರೆ. ಮೊದಲು ಹೊಸ ಟಯರ್ ಕೊಳ್ಳುತ್ತಾರೆ. ಆಮೇಲೆ ಪೇಂಟ್ ಹೊಡೆಯುತ್ತಾರೆ. ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಬಾಗಿದೆ, ಫ್ರೇಮ್ ಒಳಗಿಂದ ತುಕ್ಕು ತಿಂದಿದೆ ಅಂತ ಗೊತ್ತಾಗುವುದು ಎಲ್ಲಾ ಮುಗಿದ ಮೇಲೆ. ಅಷ್ಟರಲ್ಲಿ ದುಡ್ಡು ಹೋಗಿರುತ್ತದೆ, ಸೈಕಲ್ ಮತ್ತೆ ಕೊಟ್ಟಿಗೆ ಸೇರುತ್ತದೆ.

ಕೊಡಗಿನಲ್ಲಿ ಇದರ ಜೊತೆಗೆ ಎರಡು ವಿಷಯ ನೋಡಿಕೊಳ್ಳಬೇಕು. ಒಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಬಿದ್ದ ಕಬ್ಬಿಣಕ್ಕೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಇನ್ನೊಂದು ಇಳಿಜಾರು. ಬಯಲುಸೀಮೆಯಲ್ಲಿ ಹೇಗೋ ನಡೆಯುವ ಬ್ರೇಕ್ ಮಡಿಕೇರಿಯ ರಸ್ತೆಯಲ್ಲಿ ನಡೆಯುವುದಿಲ್ಲ. ಹಾಗಾಗಿ ಇಲ್ಲಿ ಕೊಟ್ಟಿರುವ ಹಂತಗಳ ಕ್ರಮ ತಪ್ಪಿಸಬೇಡಿ. ಒಂದು ಹಂತದಲ್ಲಿ ಸೈಕಲ್ ಪಾಸಾಗದಿದ್ದರೆ ಮುಂದಿನದಕ್ಕೆ ದುಡ್ಡು ಹಾಕಬೇಡಿ.

ಬೇಕಾದ ಸಾಮಾನು

ಸ್ಪ್ಯಾನರ್ ಸೆಟ್ (8ರಿಂದ 17ರವರೆಗೆ), ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಸುತ್ತಿಗೆ, ಕಟಿಂಗ್ ಪ್ಲೇಯರ್, ಚಪ್ಪಟೆ ಸ್ಕ್ರೂ ಡ್ರೈವರ್ ಎರಡು, ಕಡ್ಡಿ ಬಿಗಿ ಮಾಡುವ ನಿಪ್ಪಲ್ ಕೀ, ಟಯರ್ ಲಿವರ್, ತಂತಿ ಬ್ರಷ್, ಉಪ್ಪುಕಾಗದ, ಗ್ರೀಸ್, ಸೀಮೆಎಣ್ಣೆ ಅಥವಾ ಡೀಸೆಲ್, ಪಂಕ್ಚರ್ ಸೊಲ್ಯೂಷನ್, ಗಾಳಿ ಪಂಪು. ದಪ್ಪ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇಲ್ಲದೆ ಶುರು ಮಾಡಬೇಡಿ. ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿ) ಬಿಚ್ಚುವ ಟೂಲ್ ಮಾತ್ರ ಕೊಳ್ಳುವುದು ಬೇಡ. ಆ ಒಂದು ಕೆಲಸವನ್ನು ಸೈಕಲ್ ಶಾಪಿನಲ್ಲಿ ಮಾಡಿಸಿಕೊಂಡರೆ ಸಾಕು.

ಹಂತ 1: ಎಲ್ಲಿ ಹುಡುಕಬೇಕು, ಯಾರನ್ನು ಕೇಳಬೇಕು

ಕಸದ ರಾಶಿಗೆ ನೇರವಾಗಿ ನುಗ್ಗುವುದು ಕೊನೆಯ ದಾರಿ. ಅದಕ್ಕಿಂತ ಮೊದಲು ಮೂರು ಜಾಗ ನೋಡಿ.

ಮೊದಲನೆಯದು ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆಯಂಥ ಪೇಟೆಗಳ ಗುಜರಿ ಅಂಗಡಿ. ಸೈಕಲ್ ಲಾರಿಗೆ ಏರುವ ಮೊದಲೇ ನಿಮಗೆ ಹೇಳುವಂತೆ ಅಂಗಡಿಯವರ ಹತ್ತಿರ ಮಾತಾಡಿಟ್ಟುಕೊಳ್ಳಿ. ಅವರು ಕೊಳ್ಳುವುದು ಕೆ.ಜಿ. ಲೆಕ್ಕದಲ್ಲಿ. ಹಳೇ ಕಪ್ಪು ದೊಡ್ಡ ಸೈಕಲ್ ಸುಮಾರು 20 ಕೆ.ಜಿ. ತೂಗುತ್ತದೆ. ಆ ದಿನದ ಕಬ್ಬಿಣದ ರೇಟಿಗಿಂತ ಸ್ವಲ್ಪ ಮೇಲೆ ಕೊಟ್ಟರೆ ಅವರಿಗೂ ಸಂತೋಷ, ನಿಮಗೂ ಲಾಭ.

ಎರಡನೆಯದು ಗ್ರಾಮ ಪಂಚಾಯ್ತಿಯ ಒಣಕಸ ವಿಂಗಡಿಸುವ ಘಟಕ. ಎಷ್ಟೋ ಕಡೆ ಇದರ ಮೇಲೆ ‘ಸ್ವಚ್ಛ ಸಂಕೀರ್ಣ’ ಅಂತ ಬೋರ್ಡ್ ಇರುತ್ತದೆ. ಅಲ್ಲಿಗೆ ಬಂದ ವಸ್ತು ಪಂಚಾಯ್ತಿಯದು. ಪಿಡಿಓ ಅವರನ್ನು ಕೇಳಿ, ಒಪ್ಪಿಗೆ ಪಡೆದು, ಚೀಟಿ ಬರೆಸಿಕೊಂಡೇ ತನ್ನಿ. ಕಸ ವಿಂಗಡಿಸುವ ಅಕ್ಕಂದಿರಿಗೆ ಹಳೇ ಕಬ್ಬಿಣವೂ ಸಂಪಾದನೆಯ ಭಾಗ ಆಗಿರಬಹುದು. ಅವರಿಗೆ ಗೊತ್ತಿಲ್ಲದಂತೆ ಎತ್ತಿಕೊಂಡು ಬರುವುದು ಸರಿಯಲ್ಲ.

ಮೂರನೆಯದು ತೋಟದ ಗೋಡೌನು, ಕಾರ್ಮಿಕರ ಲೈನ್ ಮನೆಗಳ ಹಿಂಭಾಗ, ಶಾಲೆಯ ಹಳೇ ಶೆಡ್ಡು. ಕಾಫಿ ಕೊಯ್ಲು ಮುಗಿದು ಕಣ ಗುಡಿಸುವ ಹೊತ್ತಿಗೆ ತೋಟದವರನ್ನು ಕೇಳಿ ನೋಡಿ. ಸರ್ಕಾರ 2006-07ರಲ್ಲಿ ಶುರು ಮಾಡಿದ ಯೋಜನೆಯಲ್ಲಿ 8ನೇ ತರಗತಿ ಮಕ್ಕಳಿಗೆ ಕೊಟ್ಟ ಸೈಕಲ್‌ಗಳು ಊರೂರಲ್ಲೂ ಮೂಲೆಯಲ್ಲಿ ಬಿದ್ದಿವೆ. ಒಂದೇ ವರ್ಷ ಕೊಟ್ಟ ಸೈಕಲ್‌ಗಳು ಒಂದೇ ಥರ ಇದ್ದರೆ ಒಂದರ ಪಾರ್ಟ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ನನ್ನ ಮಟ್ಟಿಗೆ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಬಯಲಿನ ಕಸದ ಗುಡ್ಡಕ್ಕೆ ಹೋಗಲೇಬೇಕಾದರೆ ಬೆಳಗ್ಗೆ 9ರಿಂದ ಸಂಜೆ 4ರ ಒಳಗೆ ಹೋಗಿ, ಇಬ್ಬರು ಹೋಗಿ. ಕಾಡಿನ ಅಂಚಿನ ಕಸಕ್ಕೆ ಆನೆ, ಹಂದಿ ಬರುತ್ತವೆ. ಸಿದ್ದಾಪುರದ ಸುತ್ತಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಬೂಟು ಹಾಕಿ. ಸೈಕಲ್ ಎತ್ತುವ ಮೊದಲು ಕೋಲಿನಿಂದ ಅಲುಗಾಡಿಸಿ, ಅಡಿಯಲ್ಲಿ ಹಾವು, ಚೇಳು ಇರಬಹುದು. ಹ್ಯಾಂಡಲ್ ಪೈಪಿನಲ್ಲಿ, ಸೀಟಿನ ಕೆಳಗೆ ಕಣಜದ ಗೂಡು ಇದೆಯಾ ನೋಡಿ. ನಿಂತ ನೀರಿಗೆ ಗಾಯದ ಕೈಕಾಲು ತಾಗಿಸಬೇಡಿ, ಇಲಿ ಜ್ವರ ಬರುವುದೇ ಹಾಗೆ. ತುಕ್ಕು ಕಬ್ಬಿಣ ತರಚಿದರೆ ಸುಮ್ನೆ ಅರಿಶಿನ ಹಚ್ಚಿ ಕೂರದೆ ಸೋಪು ನೀರಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳಿ.

ಹಂತ 2: ಕದ್ದ ಸೈಕಲ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ

ಪೆಡಲ್ ಆಕ್ಸಲ್ ಇರುವ ದಪ್ಪ ಪೈಪಿನ ಅಡಿಯಲ್ಲಿ ಅಥವಾ ಸೀಟಿನ ಪೈಪಿನ ಮೇಲ್ಭಾಗದಲ್ಲಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ನಂಬರ್ ಉಜ್ಜಿ ಅಳಿಸಿದ್ದರೆ, ಬೀಗ ಮುರಿದಿದ್ದರೆ, ಟಯರ್ ಹೊಸದಾಗಿದ್ದೂ ಕಸದಲ್ಲಿ ಬಿದ್ದಿದ್ದರೆ ಮುಟ್ಟಬೇಡಿ. ಪೊಲೀಸ್ ಠಾಣೆಗೆ ತಿಳಿಸಿ. ಗುಜರಿ ಅಂಗಡಿಯಲ್ಲಿ ಕೊಂಡರೆ ದಿನಾಂಕ, ನಂಬರ್ ಹಾಕಿದ ಚೀಟಿ ಕೇಳಿ ಇಟ್ಟುಕೊಳ್ಳಿ.

ಹಂತ 3: ಅಲ್ಲೇ ನಿಂತು ಪರೀಕ್ಷೆ ಮಾಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಮನೆಗೆ ತಂದ ಮೇಲೆ ನೋಡೋಣ ಅನ್ನಬೇಡಿ. ಟಯರ್ ಹರಿದಿರಲಿ, ಚೈನ್ ತುಕ್ಕು ಹಿಡಿದಿರಲಿ, ಸೀಟು ಇಲ್ಲದೇ ಇರಲಿ, ಅದೆಲ್ಲಾ ಸಿಗುವ ವಸ್ತು. ನೋಡಬೇಕಾದ್ದು ಫ್ರೇಮ್ ಮತ್ತು ಫೋರ್ಕ್.

ಬಿರುಕು: ಹ್ಯಾಂಡಲ್ ಕೂರುವ ಪೈಪಿಗೆ ಎರಡು ಪೈಪುಗಳು ಸೇರುವ ಜಾಗವನ್ನು ಬಟ್ಟೆಯಿಂದ ಒರೆಸಿ ನೋಡಿ. ಅಲ್ಲಿ ಕೂದಲಿನಂಥ ಗೆರೆ ಇದ್ದರೆ, ಪೇಂಟ್ ಅಡ್ಡಡ್ಡ ಸುಕ್ಕುಗಟ್ಟಿದ್ದರೆ, ಆ ಸೈಕಲ್ ಎಲ್ಲೋ ಮುಂದಿನಿಂದ ಗುದ್ದಿದೆ ಅಂತ ಅರ್ಥ. ಹಿಂದಿನ ಚಕ್ರ ಕೂರುವ ಜಾಗ, ಸೀಟಿನ ಪೈಪಿನ ಜೋಡಣೆಯನ್ನೂ ನೋಡಿ.

ಒಳಗಿನ ತುಕ್ಕು: ಹೊರಗಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಒಳಗಿನದು ಹೋಗುವುದಿಲ್ಲ. ಸೀಟಿನ ಪೈಪಿನಿಂದ ಇಳಿದ ಮಳೆ ನೀರು ಕೆಳಗೆ ಪೆಡಲ್ ಆಕ್ಸಲ್‌ನ ದಪ್ಪ ಪೈಪಿನಲ್ಲಿ ನಿಲ್ಲುತ್ತದೆ. ಅದರ ಸುತ್ತ ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಒಳ್ಳೆಯದು. ದಬ್ ಅಂದರೆ, ಒಳಗೆ ತುಕ್ಕಿನ ಪುಡಿ ಉದುರುವ ಸದ್ದು ಬಂದರೆ, ಸ್ಕ್ರೂ ಡ್ರೈವರ್ ತುದಿ ಒತ್ತಿದಾಗ ಕಬ್ಬಿಣ ತಗ್ಗಾದರೆ ಬಿಟ್ಟುಬಿಡಿ.

ಓರೆ: ಉದ್ದದ ದಾರ ತೆಗೆದುಕೊಳ್ಳಿ. ಹಿಂದಿನ ಚಕ್ರದ ಆಕ್ಸಲ್ ಕೂರುವ ಎಡ ತೋಡಿಗೆ ಕಟ್ಟಿ, ಮುಂದೆ ತಂದು ಹ್ಯಾಂಡಲ್ ಕೂರುವ ಪೈಪನ್ನು ಸುತ್ತಿಸಿ, ಬಲ ತೋಡಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೆಳಗಿನ ಪೈಪಿನಿಂದ ಎರಡೂ ಬದಿಯ ದಾರಕ್ಕೆ ಅಳತೆ ಒಂದೇ ಇರಬೇಕು. 2-3 ಮಿ.ಮೀ. ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಕೈ ಬಿಟ್ಟು ಓಡಿಸಿದಾಗ ಸೈಕಲ್ ಒಂದು ಕಡೆಗೆ ಎಳೆಯುತ್ತದೆ.

ಫೋರ್ಕ್: ಪಕ್ಕದಿಂದ ನೋಡಿ. ಫೋರ್ಕಿನ ಮೇಲ್ಭಾಗ ಹ್ಯಾಂಡಲ್ ಕೂರುವ ಪೈಪಿನ ನೇರಕ್ಕೇ ಇಳಿದು, ತುದಿ ಮಾತ್ರ ಮುಂದಕ್ಕೆ ಬಾಗಿರಬೇಕು. ಇಡೀ ಫೋರ್ಕ್ ಹಿಂದಕ್ಕೆ ತಳ್ಳಿದಂತಿದ್ದರೆ ಅದು ಗುದ್ದಿದ ಫೋರ್ಕ್. ಫ್ರೇಮಿನ ಸಣ್ಣ ಬಿರುಕನ್ನು ಒಳ್ಳೆಯ ವೆಲ್ಡರ್ ಕೈಲಿ ಬೆಸೆಸಬಹುದು. ಫೋರ್ಕನ್ನು ಮಾತ್ರ ಬೆಸೆಸಬೇಡಿ, ಬಡಿದು ನೇರ ಮಾಡಿಸಲೂ ಬೇಡಿ. ಇಳಿಜಾರಿನಲ್ಲಿ ಅದು ಮುರಿದರೆ ನೇರ ಮುಖದ ಮೇಲೆ ಬೀಳುತ್ತೀರಿ. ಬೇರೆ ಫೋರ್ಕ್ ಹುಡುಕಿ.

ಈ ನಾಲ್ಕರಲ್ಲಿ ಪಾಸಾದ ಒಂದು ಫ್ರೇಮ್, ಅದೇ ಅಳತೆಯ ಇನ್ನೊಂದೆರಡು ಮುರುಕಲು ಸೈಕಲ್. ಹೀಗೆ ತಂದರೆ ಕೆಲಸ ಹಗುರ. ಎರಡು ಮೂರರಿಂದ ಒಂದು ಮಾಡುವುದೇ ಇಲ್ಲಿ ಸರಿಯಾದ ಲೆಕ್ಕ. ಒಂದನ್ನೇ ತಂದು ಎಲ್ಲಾ ಪಾರ್ಟ್ ಹೊಸದು ಹಾಕಿದರೆ ಖರ್ಚು ಸೆಕೆಂಡ್ ಹ್ಯಾಂಡ್ ಸೈಕಲ್‌ನ ಬೆಲೆ ದಾಟಿಹೋಗುತ್ತದೆ.

ಹಂತ 4: ಬಿಚ್ಚುವುದು

ಬಿಚ್ಚುವ ಮೊದಲು ಎಲ್ಲಾ ಬದಿಯಿಂದ ಫೋಟೋ ತೆಗೆಯಿರಿ. ಪ್ರತಿ ಜೋಡಣೆಗೂ ಬೇರೆ ಬೇರೆ ಡಬ್ಬಿ ಇಡಿ. ಮುಂದಿನ ಚಕ್ರದ ಬೇರಿಂಗ್ ಗುಂಡು, ಹಿಂದಿನ ಚಕ್ರದ ಗುಂಡು ಒಂದರಲ್ಲೇ ಸುರಿದರೆ ಆಮೇಲೆ ಪರದಾಟ. ಸಾಮಾನ್ಯವಾಗಿ ಮುಂದಿನದು 3/16 ಇಂಚು, ಹಿಂದಿನದು ಮತ್ತು ಪೆಡಲ್ ಆಕ್ಸಲ್‌ದು 1/4 ಇಂಚು.

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಬಿಡಿ. ಬೆಳಗ್ಗೆ ನಟ್ಟಿನ ಪಕ್ಕಕ್ಕೆ ಮೆಲ್ಲಗೆ ಎರಡೇಟು ಹಾಕಿ ತಿರುಗಿಸಿ. ಸೀಮೆಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ.

ಬಲ ಪ್ರಯೋಗ ಮಾಡಿ ಜನ ಹಾಳು ಮಾಡುವುದು ಮೂರು ಜಾಗದಲ್ಲಿ.

ಪೆಡಲ್: ಎಡ ಪೆಡಲಿನ ಮರೆ (ತಿರುಪಿನ ಗೆರೆ) ಉಲ್ಟಾ. ನೆನಪಿಡಲು ಸುಲಭ ದಾರಿ ಇದೆ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿ ಇರುವಂತೆ ಹಾಕಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಸಡಿಲ ಆಗುತ್ತವೆ.

ಕಾಟರ್ ಪಿನ್: ಕ್ರ್ಯಾಂಕನ್ನು (ಪೆಡಲ್ ಕೂರುವ ಕೈ) ಆಕ್ಸಲ್‌ಗೆ ಬಿಗಿಯುವ ಪಿನ್ ಇದು. ನಟ್ಟನ್ನು ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಕ್ರ್ಯಾಂಕಿನ ಅಡಿಗೆ ದಪ್ಪ ಕಬ್ಬಿಣದ ಪೈಪ್ ನೆಲಕ್ಕೆ ಊರಿ ಆಸರೆ ಕೊಡಿ. ಆಮೇಲೆ ಒಂದೇ ಗಟ್ಟಿ ಏಟು. ಆಸರೆ ಇಲ್ಲದೆ ಹತ್ತಾರು ಸಣ್ಣ ಏಟು ಹಾಕಿದರೆ ಪಿನ್ ಬಾಗುತ್ತದೆ, ಒಳಗಿನ ಬೇರಿಂಗ್ ಕಪ್ಪಿಗೂ ಗುಳಿ ಬೀಳುತ್ತದೆ.

ಪೆಡಲ್ ಆಕ್ಸಲ್‌ನ ಕಪ್: ಎಡಗಡೆಯ ರಿಂಗ್ ಮತ್ತು ಕಪ್ ಮಾಮೂಲಿ ಮರೆ. ಚೈನ್ ಇರುವ ಬಲಗಡೆಯ ಕಪ್ ಉಲ್ಟಾ ಮರೆ. ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಒಳಗಿಂದಲೇ ಒರೆಸಿ, ಬೆರಳಾಡಿಸಿ ನೋಡಿ. ನುಣುಪಾಗಿದ್ದರೆ ಹಾಗೇ ಬಿಡಿ.

ಹಂತ 5: ತುಕ್ಕು ತೆಗೆಯುವುದು

ಮಡ್‌ಗಾರ್ಡ್, ಹ್ಯಾಂಡಲ್, ಕ್ಯಾರಿಯರ್, ರಿಮ್ಮಿನಂಥ ದೊಡ್ಡ ಪಾರ್ಟುಗಳಿಗೆ ಹುಣಸೆಹಣ್ಣಿನ ಗಟ್ಟಿ ನೀರು ಅಥವಾ ಅಂಗಡಿಯ ನಿಂಬೆ ಉಪ್ಪು ಸಾಕು. ಕಾಚಂಪುಳಿ (ಕೊಡಗಿನ ಅಡುಗೆಯ ಗಟ್ಟಿ ಹುಳಿ) ಹಾಕಿದರೂ ತುಕ್ಕು ಬಿಡುತ್ತದೆ, ಆದರೆ ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಹೋಗಬೇಕಾದ್ದನ್ನು ಮಡ್‌ಗಾರ್ಡಿಗೆ ಸುರಿಯುವುದು ಬೇಡ. ಕೆಲವು ಗಂಟೆ ನೆನೆಸಿ, ತಂತಿ ಬ್ರಷ್‌ನಿಂದ ಉಜ್ಜಿ, ಸೋಡಾ ಬೆರೆಸಿದ ನೀರಲ್ಲಿ ತೊಳೆದು, ತಕ್ಷಣ ಒರೆಸಿ, ಬಿಸಿಲಿಗಿಟ್ಟು ಎಣ್ಣೆ ಸವರಿ. ತೊಳೆದು ಹಾಗೇ ಬಿಟ್ಟರೆ ಸಂಜೆಗೆ ಮತ್ತೆ ಕೆಂಪಾಗಿರುತ್ತದೆ.

ಗುಂಡು, ಕೋನ್ (ಗುಂಡುಗಳನ್ನು ಕಪ್ಪಿಗೆ ಒತ್ತಿ ಹಿಡಿಯುವ ನಟ್ಟು), ಕಪ್, ಸ್ಪ್ರಿಂಗುಗಳನ್ನು ಹುಳಿಯಲ್ಲಿ ಹಾಕಬೇಡಿ. ಗಟ್ಟಿ ಮಾಡಿದ ಉಕ್ಕು ಹುಳಿಗೆ ಪೆಡಸಾಗುತ್ತದೆ, ಮೇಲ್ಮೈ ಒರಟಾಗುತ್ತದೆ. ಅವನ್ನು ಸೀಮೆಎಣ್ಣೆಯಲ್ಲಿ ತೊಳೆದರೆ ಸಾಕು.

ಫ್ರೇಮಿನ ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿ, ಮೂಗಿಗೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಇಲ್ಲಿ ಪೇಂಟ್ ಹೊಡೆಯಬೇಡಿ, ಇನ್ನೂ ಸಮಯ ಇದೆ.

ಹಂತ 6: ಬೇರಿಂಗ್, ಚೈನ್

ಕೋನ್ ಮತ್ತು ಕಪ್ಪಿನಲ್ಲಿ ಗುಂಡು ಓಡುವ ಗೆರೆ ಹೊಳೆಯುತ್ತಾ ನುಣುಪಾಗಿರಬೇಕು. ಗುಳಿ ಬಿದ್ದಿದ್ದರೆ ಬದಲಾಯಿಸಿ. ಗುಂಡುಗಳನ್ನಂತೂ ಯಾವಾಗಲೂ ಹೊಸದೇ ಹಾಕಿ, ಬೆಲೆ ತೀರಾ ಕಡಿಮೆ. ಕಪ್ಪಿಗೆ ಗ್ರೀಸ್ ತುಂಬಿ ಗುಂಡು ಅಂಟಿಸಿ. ಮುಂದಿನ ಚಕ್ರಕ್ಕೆ ಒಂದು ಬದಿಗೆ 10, ಹಿಂದಿನದಕ್ಕೆ 9 ಸಾಮಾನ್ಯ ಲೆಕ್ಕ.

ಕೋನ್ ಬಿಗಿ ಮಾಡುವಾಗ ಕೈಯೇ ಅಳತೆ. ರಿಮ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಟಕಟಕ ಅನ್ನಬಾರದು. ಚಕ್ರ ಎತ್ತಿ ಬಿಟ್ಟರೆ ವಾಲ್ವ್ ಇರುವ ಕಡೆ ತಾನಾಗಿ ಕೆಳಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ತುಂಬಾ ಬಿಗಿಯಾಗಿದೆ.

ಚೈನನ್ನು ಸ್ಕೇಲ್ ಇಟ್ಟು ಅಳೆಯಿರಿ. ಒಂದು ಪಿನ್ನಿನಿಂದ 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. 1/16 ಇಂಚು ಜಾಸ್ತಿ ಬಂದರೆ ಹೊಸ ಚೈನ್ ಹಾಕಿ. 1/8 ಇಂಚು ಬೆಳೆದಿದ್ದರೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ, ಬರೀ ಚೈನ್ ಬದಲಾಯಿಸಿದರೆ ಹಾರುತ್ತದೆ. ಚೈನಿನ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ.

ಚೈನಿಗೆ ತೆಂಗಿನೆಣ್ಣೆ ಬಿಡುವವರು ತುಂಬಾ ಜನ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿ, ಭಾಗಮಂಡಲದ ಚಳಿಯಲ್ಲಿ ಅದು ಧೂಳು ಹಿಡಿದ ಅಂಟಾಗುತ್ತದೆ. ಮೆಷಿನ್ ಎಣ್ಣೆ ಅಥವಾ ಎಂಜಿನ್ ಆಯಿಲ್ ಹಾಕಿ, ಮೇಲಿನದನ್ನು ಒರೆಸಿಬಿಡಿ.

ಫ್ರೀವೀಲ್ ಹೇಗೂ ಬಿಚ್ಚಿಸುತ್ತೀರಿ ಅಂದರೆ ಒಂದು ಕೆಲಸ ಮಾಡಿ. ದೊಡ್ಡ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 18 ಹಲ್ಲಿನದು. ಅದರ ಬದಲು 22 ಹಲ್ಲಿನದು ಹಾಕಿಸಿ. ಏರು ತುಳಿಯುವ ಭಾರ ಹತ್ತಿರ ಹತ್ತಿರ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಸಮತಟ್ಟಿನಲ್ಲಿ ವೇಗ ಕಡಿಮೆ ಆಗುತ್ತದೆ ನಿಜ, ಆದರೆ ಇಲ್ಲಿ ಸಮತಟ್ಟು ಎಷ್ಟಿದೆ, ಅಲ್ವಾ? ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು.

ಹಂತ 7: ಚಕ್ರ, ಟಯರ್

ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ. ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸಿ. ಸುಣ್ಣ ತಾಗಿದ ಕಡೆ ಬೆಂಡ್ ಇದೆ. ಬೆಂಡ್ ಎಡಕ್ಕಿದ್ದರೆ ಆ ಜಾಗದ ಬಲಗಡೆ ಕಡ್ಡಿ ಬಿಗಿ ಮಾಡಿ, ಎಡಗಡೆಯದು ಅಷ್ಟೇ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಅವಸರಕ್ಕೆ ಎರಡು ಸುತ್ತು ತಿರುಗಿಸಿದರೆ ಚಕ್ರ ಎಂಟರ ಆಕಾರಕ್ಕೆ ಬರುತ್ತದೆ. ನಿಪ್ಪಲ್‌ಗೆ ಮೊದಲೇ ಎಣ್ಣೆ ಬಿಡಿ, ಇಲ್ಲದಿದ್ದರೆ ಕಡ್ಡಿ ತುಂಡಾಗುತ್ತದೆ. ಬೇರೆ ರಿಮ್ ಹಾಕುವುದಾದರೆ ತೂತು ಎಣಿಸಿ. ಹಳೇ ದೊಡ್ಡ ಸೈಕಲ್‌ಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತವೆ.

ಟಯರ್ ಕೊಳ್ಳುವಾಗ ಬರೀ ‘26 ಇಂಚು’ ಅನ್ನಬೇಡಿ. 26 × 1⅜, 26 × 1½, 26 × 2.10 ಮೂರೂ ಬೇರೆ ಬೇರೆ ರಿಮ್ಮಿನವು, ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಹಳೇ ಟಯರಿನ ಪಕ್ಕದಲ್ಲಿ ಬರೆದದ್ದನ್ನು ಪೂರ್ತಿ ಬರೆದುಕೊಂಡು ಹೋಗಿ. ಟಯರೇ ಇಲ್ಲದಿದ್ದರೆ ರಿಮ್ಮನ್ನೇ ಅಂಗಡಿಗೆ ಒಯ್ಯಿರಿ.

ಗಾಳಿ ನಿಲ್ಲದಿದ್ದರೆ ಟ್ಯೂಬ್ ಎಸೆಯುವ ಮೊದಲು ವಾಲ್ವ್ ಬಿಚ್ಚಿ ನೋಡಿ. ಒಳಗಿನ ಸಣ್ಣ ರಬ್ಬರ್ ಕೊಳವೆ ಒಣಗಿ ಹರಿದಿರುವುದೇ ಜಾಸ್ತಿ. ಪ್ಯಾಚ್ ಹಾಕುವಾಗ ಸೊಲ್ಯೂಷನ್ ಹಚ್ಚಿ ಹೊಳಪು ಹೋಗುವವರೆಗೆ ಕಾಯಿರಿ. ಹಸಿಯಾಗಿದ್ದಾಗಲೇ ಅಂಟಿಸಿದ ಪ್ಯಾಚ್ ನಿಲ್ಲುವುದಿಲ್ಲ.

ಹಂತ 8: ಬ್ರೇಕ್

ಇಲ್ಲಿ ಉಳಿತಾಯ ಮಾಡಬೇಡಿ. ಬ್ರೇಕ್ ರಬ್ಬರ್, ಕೇಬಲ್ ಎರಡನ್ನೂ ಹೊಸದಾಗಿ ಹಾಕಿ. ಹಳೇ ರಬ್ಬರ್ ನೋಡಲು ಚೆನ್ನಾಗಿದ್ದರೂ ಗಟ್ಟಿಯಾಗಿರುತ್ತದೆ, ಜಾರುತ್ತದೆ.

ಕೇಬಲ್ ಬ್ರೇಕಿನ ರಬ್ಬರ್ ಒಂದು ತಗಡಿನ ಗೂಡಿನಲ್ಲಿ ಕೂರುತ್ತದೆ. ಗೂಡಿನ ಮುಚ್ಚಿದ ತುದಿ ಮುಂದಕ್ಕೆ ಇರಬೇಕು. ಉಲ್ಟಾ ಹಾಕಿದರೆ ಮೊದಲ ಜೋರು ಬ್ರೇಕಿಗೇ ರಬ್ಬರ್ ಜಾರಿ ಆಚೆ ಬೀಳುತ್ತದೆ. ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು, ಟಯರಿಗೆ ಅಲ್ಲ. ರಾಡ್ ಬ್ರೇಕ್ ಆದರೆ ಪ್ರತಿ ಕೀಲಿನ ನಟ್ಟು ನೋಡಿ. ಎಲ್ಲಾ ಕೀಲಲ್ಲೂ ಸ್ವಲ್ಪ ಸ್ವಲ್ಪ ಸಡಿಲ ಇದ್ದರೆ ಹಿಡಿ ಪೂರ್ತಿ ಒತ್ತಿದರೂ ರಬ್ಬರ್ ರಿಮ್ ಮುಟ್ಟುವುದಿಲ್ಲ.

ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದು ಬಹಳ ಕಡಿಮೆ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ರಿಮ್ಮಿನ ಎಣ್ಣೆ ಜಿಡ್ಡನ್ನು ಸೋಪಿನಿಂದ ತೆಗೆದು, ಉಪ್ಪುಕಾಗದದಿಂದ ಮೆಲ್ಲಗೆ ಒರಟು ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ. ಅಲ್ಯೂಮಿನಿಯಂ ರಿಮ್ಮಿನ ಚಕ್ರ ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ, ಮಳೆಯಲ್ಲಿ ಎಷ್ಟೋ ವಾಸಿ. ಸ್ಟೀಲ್ ರಿಮ್ಮಿನ ಸೈಕಲ್ಲನ್ನು ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಂಥ ರಸ್ತೆಗೆ ಒಯ್ಯಲೇಬೇಡಿ. ಕುಶಾಲನಗರದ ಕಡೆಯ ಸಮತಟ್ಟು ರಸ್ತೆ, ತೋಟದೊಳಗಿನ ಓಡಾಟಕ್ಕೆ ಇಟ್ಟುಕೊಳ್ಳಿ. ಮಕ್ಕಳಿಗೆ ಕೊಡುವ ಸೈಕಲ್ ಆದರೆ ಈ ಮಾತು ಇನ್ನೂ ಗಟ್ಟಿ.

ಹಂತ 9: ಜೋಡಿಸಿ ಓಡಿಸಿ ನೋಡಿ, ಆಮೇಲೆ ಪೇಂಟ್

ಜೋಡಿಸುವಾಗ ಎರಡು ಕಾಟರ್ ಪಿನ್ನುಗಳನ್ನು ಒಂದಕ್ಕೊಂದು ಎದುರು ದಿಕ್ಕಿನಿಂದ ಹಾಕಬೇಕು. ಇಲ್ಲದಿದ್ದರೆ ಎರಡು ಕ್ರ್ಯಾಂಕ್ ಒಂದೇ ನೇರಕ್ಕೆ ಬರುವುದಿಲ್ಲ. ಪಿನ್ನನ್ನು ಸುತ್ತಿಗೆಯಿಂದ ಕೂರಿಸಿ ಆಮೇಲೆ ನಟ್ಟು ಬಿಗಿ ಮಾಡಿ. ನಟ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಮರೆ ಹೋಗುತ್ತದೆ.

ಮೊದಲು ಅಂಗಳದಲ್ಲಿ ತಳ್ಳಿಕೊಂಡು ಹೋಗಿ ಮುಂದಿನ ಬ್ರೇಕ್ ಹಿಡಿಯಿರಿ. ಹಿಂದಿನ ಚಕ್ರ ಮೇಲೆ ಏಳಬೇಕು. ಹ್ಯಾಂಡಲ್ ಬುಡದಲ್ಲಿ ಟಕ್ ಅಂದರೆ ಅಲ್ಲಿನ ಕೋನ್ ಸಡಿಲ. ಆಮೇಲೆ ಸಮತಟ್ಟಿನಲ್ಲಿ, ಕೊನೆಗೆ ಸಣ್ಣ ಇಳಿಜಾರಿನಲ್ಲಿ ಓಡಿಸಿ. ಒಂದು ವಾರ ಹೀಗೆ ಓಡಿಸಿದ ಮೇಲೆ ಎಲ್ಲಾ ನಟ್ಟು, ಕಾಟರ್ ಪಿನ್, ಕಡ್ಡಿ ಮತ್ತೊಮ್ಮೆ ಬಿಗಿ ಮಾಡಿ.

ಎಲ್ಲಾ ಸರಿ ಅನ್ನಿಸಿದರೆ ಈಗ ಪೇಂಟ್. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮಳೆಗಾಲದ ತೇವದಲ್ಲಿ ಹೊಡೆದ ಪೇಂಟ್ ಗುಳ್ಳೆ ಏಳುತ್ತದೆ. ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಒಣಗಿದ ಮೇಲೆ ಎನಾಮಲ್ ತೆಳ್ಳಗೆ ಎರಡು ಕೋಟು. ಮರೆಗಳಿಗೆ, ಬೇರಿಂಗ್ ಕಪ್ಪಿಗೆ ಟೇಪ್ ಸುತ್ತಿ. ಫ್ರೇಮ್ ನಂಬರ್ ಮುಚ್ಚಿಹೋಗದಂತೆ ಬಿಡಿ.

ಹೊರಗಿನ ಪೇಂಟಿಗಿಂತ ಒಳಗಿನ ಎಣ್ಣೆ ಹೆಚ್ಚು ಕಾಪಾಡುತ್ತದೆ. ಸೀಟಿನ ಪೈಪಿಗೆ ಸ್ವಲ್ಪ ಎಂಜಿನ್ ಆಯಿಲ್ ಸುರಿದು, ಫ್ರೇಮನ್ನು ಎಲ್ಲಾ ಕಡೆ ವಾಲಿಸಿ ಒಳಗೆಲ್ಲಾ ಹರಿಸಿ. ಪೆಡಲ್ ಆಕ್ಸಲ್ ಪೈಪಿನ ಅಡಿಯಲ್ಲಿ ನೀರು ಹೋಗಲು ತೂತು ಇಲ್ಲದಿದ್ದರೆ 4 ಮಿ.ಮೀ. ತೂತು ಕೊರೆಸಿ, ಆದರೆ ಫ್ರೇಮ್ ನಂಬರಿನ ಮೇಲೆ ಬೇಡ. ಸೀಟಿನ ಕಂಬಿಗೆ ಗ್ರೀಸ್ ಹಚ್ಚಿ ಹಾಕಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿ ಹೊರಗೆ ಇಡಬೇಡಿ, ಒಳಗೆ ಬೆವರಿ ಜಾಸ್ತಿ ತುಕ್ಕು ಹಿಡಿಯುತ್ತದೆ. ಗಾಳಿಯಾಡುವ ಸೂರಿನಡಿ ಸಾಕು.

ಹಂತ 10: ಉಳಿದದ್ದನ್ನು ಏನು ಮಾಡಬೇಕು

ಪರೀಕ್ಷೆಯಲ್ಲಿ ಫೇಲಾದ ಫ್ರೇಮ್ ರಸ್ತೆಗೆ ಆಗದಿದ್ದರೂ ತೋಟಕ್ಕೆ ಆಗುತ್ತದೆ. ಒಂದು ಚಕ್ರ, ಫೋರ್ಕ್, ಹ್ಯಾಂಡಲ್ ಇದ್ದರೆ ವೆಲ್ಡರ್ ಕೈಲಿ ಸೈಕಲ್ ಎಡೆಕುಂಟೆ ಮಾಡಿಸಬಹುದು. ಶುಂಠಿ ಪಾತಿಯ ನಡುವೆ, ತರಕಾರಿ ಸಾಲಿನಲ್ಲಿ ಕಳೆ ತೆಗೆಯಲು ಚೆನ್ನಾಗಿರುತ್ತದೆ. ಎರಡು ಚಕ್ರ ಸೇರಿಸಿದರೆ ಗೊಬ್ಬರ, ಸೌದೆ ಸಾಗಿಸುವ ತಳ್ಳುಗಾಡಿ. ಹರಿದ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿದರೆ ಕ್ಯಾರಿಯರಿಗೆ ಮೂಟೆ ಕಟ್ಟುವ ಪಟ್ಟಿ.

ನಟ್ಟು, ಕೋನ್, ಕಡ್ಡಿ, ಚೈನ್ ಕೊಂಡಿಗಳನ್ನು ಎಣ್ಣೆ ಸವರಿ ಡಬ್ಬಿಯಲ್ಲಿಡಿ, ಮುಂದಿನ ಸೈಕಲ್ಲಿಗೆ ಬೇಕಾಗುತ್ತವೆ. ಹಳೇ ಟಯರನ್ನು ಚಳಿ ಕಾಯಿಸಲು ಸುಡಬೇಡಿ, ಅದರ ಹೊಗೆ ವಿಷ. ಅಂಗಳದಲ್ಲಿ ಬಿಟ್ಟರೆ ನೀರು ನಿಂತು ಡೆಂಗ್ಯೂ ಸೊಳ್ಳೆ ಬೆಳೆಯುತ್ತದೆ. ಟಯರ್, ಬಾಗಿದ ಫೋರ್ಕ್, ಮುರಿದ ರಿಮ್ ಎಲ್ಲವನ್ನೂ ಅದೇ ಗುಜರಿ ಅಂಗಡಿಗೆ ವಾಪಸ್ ಕೊಡಿ. ಬಿರುಕು ಬಿಟ್ಟ ಫೋರ್ಕನ್ನು ಇನ್ನೊಬ್ಬರು ಎತ್ತಿ ಹಾಕಿಕೊಳ್ಳದಂತೆ ಕೊಡುವ ಮೊದಲು ಗರಗಸದಿಂದ ಎರಡು ತುಂಡು ಮಾಡಿ.